ಕರ್ಫ್ಯೂದೊಳಗೆ ಗುಂಡ್ಯಾನ ತಿರುಗಾಟ

ಕೋಪರಿ, ಠಾಣೆ ಪೂರ್ವ
29 ಮೇ 1984, ಮಂಗಳವಾರ

ಬಾಳಪ್ಪನ ಅಪ್ಪನವರಿಗೆ ನೀಲಗಂಗಾ ಮಾಡುವ ಶರಣಾರ್ಥಿ.

ನಾನು ಕ್ಷೇಮ. ನಿಮ್ಮ ನಾಯಿಯೂ ಕ್ಷೇಮ. ಇಷ್ಟು ಬರೆದು ಸಹಿ ಹಾಕಿದರೆ ಸಾಕಾಗಿತ್ತು. ಆದರೆ ಹೊರಗೆ ಕರ್ಫ್ಯೂ ಇದೆ, ಒಳಗೆ ಹೊತ್ತು ಹೋಗುವುದಿಲ್ಲ. ಹೊತ್ತು ಕಳೆಯಲಿಕ್ಕೆ ಬರೆಯುತ್ತಿದ್ದೇನೆ, ಬೇರೇನೂ ತಿಳಿದುಕೊಳ್ಳಬೇಡಿರಿ. ದೀಪಾವಳಿ ಮುಗಿದ ಮರುದಿನ ನೀವು ಟ್ರಂಕು ಹಿಡಿದು ಟಿಟ್ವಾಳಕ್ಕೆ ಹೋದಾಗಿನಿಂದ ನಾನೂ ಒಂದು ಸಾಲು ಬರೆದಿಲ್ಲ, ನೀವೂ ಬರೆದಿಲ್ಲ. ಸೊಲ್ಲಾಪುರದಿಂದ ಬಾಳಪ್ಪ ನನಗೊಂದು ಕಾರ್ಡು, ನಿಮಗೊಂದು ಕಾರ್ಡು ಹಾಕುತ್ತಾನಂತೆ. ಎರಡರಲ್ಲೂ ಒಂದೇ ಬುದ್ಧಿಮಾತು ಇರುತ್ತದೆ ಎಂದು ಕಾಣುತ್ತದೆ. ಹೆತ್ತವರಿಗೆ ಬುದ್ಧಿ ಹೇಳುವ ವಯಸ್ಸು ಅವನಿಗೆ ಇಷ್ಟು ಬೇಗ ಬಂತಲ್ಲ ಎಂದು ನನಗೆ ಸಿಟ್ಟು.

ಅಕ್ಷರ ಸೊಟ್ಟಗಿದ್ದರೆ ಬಯ್ಯಬೇಡಿರಿ. ಕರೆಂಟು ಬಂದು ಬಂದು ಹೋಗುತ್ತಿದೆ.

ನಮ್ಮ ಜಗಳ ಎಲ್ಲಿಗೆ ನಿಂತಿತ್ತು ಎಂದು ಒಮ್ಮೆ ಬರೆದುಬಿಡುತ್ತೇನೆ, ಇಲ್ಲವಾದರೆ ನೀವು ನಿಮಗೆ ಬೇಕಾದ ಹಾಗೆ ನೆನಪಿಟ್ಟುಕೊಂಡಿರುತ್ತೀರಿ. ನೀವು ನನ್ನನ್ನು ಒಂದು ಮಾತು ಕೇಳದೆ ಟಿಟ್ವಾಳದಲ್ಲಿ ಮನೆ ಖರೀದಿ ಮಾಡಿದಿರಿ. ಬೀಗದ ಕೈ ತಂದು ದೇವರ ಮುಂದೆ ಇಟ್ಟಿರಿ, ನನ್ನ ಮುಂದೆ ಇಡಲಿಲ್ಲ. ಯಾಕೆಂದು ಕೇಳಿದರೆ, ಈ ಗದ್ದಲದಲ್ಲಿ ನಾಯಿಗೆ ಉಸಿರು ಕಟ್ಟುತ್ತದೆ ಎಂದಿರಿ. ಇಪ್ಪತ್ತೆಂಟು ವರ್ಷ ನಿಮ್ಮ ಜೊತೆ ಬಾಳ್ವೆ ಮಾಡಿದವಳ ಉಸಿರಿನ ಸುದ್ದಿ ಎತ್ತಲಿಲ್ಲ. ಆಗ ನಾನು, ನಾಯಿ ಸಲುವಾಗಿ ಮನೆ ತಗೊಂಡವರು ನಾಯಿ ಜೊತೆಗೇ ಸಂಸಾರ ಮಾಡ್ರಿ, ನಾನು ಕೋಪರಿ ಬಿಟ್ಟು ಒಂದು ಹೆಜ್ಜೆ ಬರೂದಿಲ್ಲ ಅಂದೆ. ಅಂದದ್ದು ಅಂದೆ, ಈಗಲೂ ವಾಪಸು ತೆಗೆದುಕೊಳ್ಳುವುದಿಲ್ಲ. ಆದರೆ ಆ ದಿನ ಆದದ್ದು ನೋಡಿರಿ. ಸ್ಟೇಶನ್ನಿನ ಜನಜಂಗುಳಿ ಕಂಡದ್ದೇ ನಿಮ್ಮ ನಾಯಿ ಕೊರಳಪಟ್ಟಿ ಜಾರಿಸಿಕೊಂಡು ಓಡಿಬಂದು ನನ್ನ ಕಾಲ ಹತ್ತಿರ ಕೂತಿತು. ಹಿಂದೆಯೇ ಏದುಸಿರು ಬಿಡುತ್ತ ಬಂದ ನೀವು ಅದನ್ನೂ ನನ್ನನ್ನೂ ನೋಡಿ ಬಾಗಿಲಿಂದಲೇ ತಿರುಗಿ ಹೋದಿರಿ. ನಾಯಿಗಾಗಿ ಮನೆ ಮಾಡಿದವರು ನಾಯಿ ಇಲ್ಲದೆ ಅಲ್ಲಿ, ನಾಯಿಯೇ ಬೇಡ ಎಂದವಳು ನಾಯಿಯ ಜೊತೆ ಇಲ್ಲಿ. ಪಕ್ಕದ ಮನೆಯ ಗುರಮ್ಮ ಇದನ್ನು ಹೇಳಿಕೊಂಡು ಇಡೀ ಬಿಲ್ಡಿಂಗಿನಲ್ಲಿ ನಕ್ಕಿದ್ದಾಳೆ.

ಈಗ ಇಲ್ಲಿಯ ಸುದ್ದಿ. ಭಿವಂಡಿ ಕಡೆ ಗಲಭೆ ಎದ್ದು ನಮ್ಮಲ್ಲಿಗೂ ಹಬ್ಬಿದ್ದು ನಿಮಗೆ ಗೊತ್ತೇ ಇದೆ. ಎಷ್ಟೋ ಜನರ ಮನೆಯೇ ಹೋಯಿತಂತೆ. ಅಂಥದರಲ್ಲಿ ಕೂತು ನಾಯಿಯ ತಿರುಗಾಟದ ಬಗ್ಗೆ ಬರೆಯುತ್ತಿದ್ದೇನೆ ಎಂದು ನನಗೇ ನಾಚಿಕೆಯಾಗುತ್ತದೆ. ಆದರೆ ಬಾಗಿಲೊಳಗೆ ಇರುವವಳಿಗೆ ಬಾಗಿಲೊಳಗಿನದೇ ಚಿಂತೆ. ಬೆಳಿಗ್ಗೆ ಎರಡು ತಾಸು ಸಡಿಲು ಕೊಡುತ್ತಾರೆ, ಆ ಎರಡು ತಾಸಿನಲ್ಲಿ ಹಾಲು, ತರಕಾರಿ, ಸೀಮೆಎಣ್ಣೆ ಎಂದು ಇಡೀ ಕೋಪರಿ ನಮ್ಮ ಗಲ್ಲಿಯಲ್ಲಿ ಇರುತ್ತದೆ. ಉಳಿದ ಹೊತ್ತಿನಲ್ಲಿ ಪೊಲೀಸರನ್ನು ಬಿಟ್ಟರೆ ನರಪಿಳ್ಳೆ ಇಲ್ಲ. ನಿಮ್ಮ ನಾಯಿಗೆ ಬೇಕಾದದ್ದು ಖಾಲಿ ರಸ್ತೆ. ರಸ್ತೆ ಖಾಲಿ ಇದ್ದಾಗ ನಾವು ಹೊರಗೆ ಬರುವ ಹಾಗಿಲ್ಲ, ಹೊರಗೆ ಬರಬಹುದಾದಾಗ ರಸ್ತೆ ಖಾಲಿ ಇಲ್ಲ. ನಸುಕಿನಲ್ಲಿ ಎದ್ದು ಅದನ್ನು ಮೀಠಬಂದರಿನ ಖಾಡಿಯ ಉಪ್ಪುನೀರಿನ ದಂಡೆಗೆ ಕರೆದುಕೊಂಡು ಹೋಗಿ ಸುಸ್ತು ಮಾಡಿಸುವುದನ್ನು ನೀವು ಕಲಿಸಿದ್ದಿರಿ. ನೀವು ಹೋದ ಮೇಲೆ ನಾನೂ ಬಯ್ಯುತ್ತ ಬಯ್ಯುತ್ತ ಅದನ್ನೇ ಮಾಡಿದೆ. ಈಗ ಖಾಡಿ ಅಲ್ಲೇ ಇದೆ, ನಾವು ಇಲ್ಲೇ ಇದ್ದೇವೆ.

ಮೊದಲ ದಿನ ಅದನ್ನು ಒಳಗೇ ಇಟ್ಟೆ. ಕಾಟಿನ ಸುತ್ತ ಸುತ್ತಿತು. ಪೊಲೀಸರ ಸೀಟಿ ಕೇಳಿದಾಗಲೆಲ್ಲ ಬಾಗಿಲಿಗೆ ಹಾರಿತು. ಮರುದಿನ ಬಾಗಿಲ ಚೌಕಟ್ಟು ತಿನ್ನತೊಡಗಿತು. ಮೂರನೆಯ ದಿನ ಊಳಿಟ್ಟಿತು ನೋಡಿರಿ, ಕೇಳಿದವರ ಕರುಳು ಕಿತ್ತು ಬರಬೇಕು. ಸೊಸೈಟಿ ಸೆಕ್ರೆಟರಿ ಹಯಗ್ರೀವರಾಯರು ಮೇಲಿನ ಮನೆಯಿಂದ ಇಳಿದು ಬಂದು ಬಾಗಿಲಾಚೆಯಿಂದಲೇ ಹೇಳಿದರು, "ನೀಲಗಂಗಮ್ಮ, ನನಗೇನೂ ದ್ವೇಷ ಇಲ್ಲ ಮಾರಾಯ್ರೆ. ಆದ್ರೆ ಮೀಟಿಂಗಿನಲ್ಲಿ ಆದದ್ದು ನಿಮಗೆ ಗೊತ್ತುಂಟಲ್ಲ?"

ನನಗೆ ಗೊತ್ತಿತ್ತು, ನಿಮಗೆ ಗೊತ್ತಿಲ್ಲ. ನಾನೇ ತಿಳಿಸಿರಲಿಲ್ಲ. ಹೋಳಿಯ ಹೊತ್ತಿಗೆ ಅದು ಇಸ್ತ್ರಿಯವನ ಪ್ಯಾಂಟು ಹಿಡಿದು ಹರಿಯಿತು. ಪಾಪ, ಅವನಿಗೆ ಹಲ್ಲು ತಾಗಲಿಲ್ಲ, ಬಟ್ಟೆ ಮಾತ್ರ ಹೋಯಿತು. ಆದರೂ ಎಲ್ಲರೂ ಸೇರಿ, ಇನ್ನೊಮ್ಮೆ ಯಾರ ಮೈಗಾದರೂ ಹಲ್ಲು ಹಾಕಿದರೆ ಮುನಸಿಪಾಲ್ಟಿಯ ನಾಯಿಗಾಡಿ ಕರೆಸುವುದು ಎಂದು ಠರಾವು ಮಾಡಿದರು. ಆ ಗಾಡಿಯಲ್ಲಿ ಹೋದ ನಾಯಿ ತಿರುಗಿ ಬಂದದ್ದನ್ನು ನಾನು ಈ ಊರಿನಲ್ಲಿ ನೋಡಿಲ್ಲ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂದು ಗಾದೆ ಕಟ್ಟಿದವರು ಗುಂಡ್ಯಾನನ್ನು ನೋಡಿರಲಿಲ್ಲ.

ಆಗ ನನಗೆ ಗಚ್ಚಿನ ನೆನಪಾಯಿತು. ಮೂರು ಮಹಡಿಯ ಮೇಲೆ, ಆಕಾಶದ ಕೆಳಗೆ, ನಾಲ್ಕೂ ಕಡೆ ಎದೆಮಟ್ಟದ ಗೋಡೆ. ಪೊಲೀಸರು ಅಲ್ಲಿಗೆ ಬರುವುದಿಲ್ಲ. ಆದರೆ ಇದು ಮೇ ತಿಂಗಳು ಎಂಬುದು ಮರೆತಿತ್ತು. ನಮ್ಮ ಬಿಲ್ಡಿಂಗಿನ ಹೆಂಗಸರು ಮೇ ತಿಂಗಳಲ್ಲಿ ಸುಮ್ಮನಿರುವವರೇ? ಮರಾಠಿಯವರ ಪಾಪಡ, ಉಡುಪಿಯವರ ಹಲಸಿನ ಹಪ್ಪಳ, ಗುರಮ್ಮನ ಜೋಳದ ಸಂಡಿಗೆ, ನನ್ನದೇ ಅವಲಕ್ಕಿ ಸಂಡಿಗೆ, ಎಲ್ಲ ಹಳೆ ಸೀರೆಗಳ ಮೇಲೆ ಹರವಿ ಕಾಲಿಡಲು ಜಾಗವಿಲ್ಲ. ಕರ್ಫ್ಯೂ ಬಂದ ಮೇಲಂತೂ ಬೇರೆ ಕೆಲಸವಿಲ್ಲದೆ ಮುಂದಿನ ಎರಡು ವರ್ಷಕ್ಕಾಗುವಷ್ಟು ಹಪ್ಪಳ ಒತ್ತುತ್ತಿದ್ದಾರೆ. ಮೊದಲ ಸಲ ನಾನು ಸಂಜೆ ಕರೆದುಕೊಂಡು ಹೋದೆ. ಸೀರೆ ಮಡಚಿಟ್ಟಿರುತ್ತಾರೆ ಎಂದು ತಿಳಿದಿದ್ದೆ. ಗುರಮ್ಮ ಮಾತ್ರ ಹಸಿ ಇದೆ ಎಂದು ಹಾಗೇ ಬಿಟ್ಟಿದ್ದಳು. ಮರುದಿನ ಬಂದು, "ನೀಲವ್ವಕ್ಕಾ, ನಿಮ್ಮ ಗುಂಡ್ಯಾ ನನ್ನ ಸಂಡಿಗಿ ಮ್ಯಾಲೆ ರಂಗೋಲಿ ಹಾಕ್ಯಾನ ನೋಡ್ರಿ, ಕಾಲಿಗೆ ಹತ್ತಿದ್ದನ್ನ ನೆಕ್ಕಿ ಉಪ್ಪು ಸರಿ ಐತೇನ ಅಂತನೂ ನೋಡ್ಯಾನ" ಎಂದಳು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ನಕ್ಕಳಲ್ಲ, ಅದಕ್ಕೆ ಕಣ್ಣಲ್ಲಿ ನೀರು ಬಂತು. ಕೊನೆಗೆ ಅವಳೇ ಮಧ್ಯೆ ನಿಂತು ಎಲ್ಲರ ಹತ್ತಿರ ಮಾತಾಡಿ ಗೊತ್ತು ಮಾಡಿಸಿದಳು. ಬೆಳಕು ಹರಿಯುವಾಗಿನಿಂದ ಬಿಸಿಲು ಏರುವವರೆಗೆ ಗಚ್ಚು ನಾಯಿಯದು. ಬಿಸಿಲು ಏರಿದ ಮೇಲೆ ಹಪ್ಪಳದ್ದು. ನಾಯಿ ಹೋದ ಮೇಲೆ ನಾನು ನೀರು ಹಾಕಿ ಗಚ್ಚು ತೊಳೆಯಬೇಕು. ತೊಳೆಯುತ್ತಿದ್ದೇನೆ. ಸೊಂಟ ನನ್ನದು, ನಾಯಿ ನಿಮ್ಮದು.

ನನ್ನ ಎರಡು ಹಳೆ ನೂಲಿನ ಸೀರೆ ಗಂಟು ಹಾಕಿ ಉದ್ದ ಹಗ್ಗ ಮಾಡಿದ್ದೇನೆ. ಒಂದು ತುದಿ ಅದರ ಕೊರಳಿಗೆ, ಇನ್ನೊಂದು ನೀರಿನ ಟಾಕಿಯ ಕೊಳವೆಗೆ. ಓಡಿದರೆ ಗೋಡೆಯವರೆಗೆ ಹೋಗುತ್ತದೆ, ಗೋಡೆ ಹಾರುವಷ್ಟು ಸಡಿಲಿಲ್ಲ. ಒಣ ರೊಟ್ಟಿ ಮುರಿದು ಹಳೆ ಗೋಣಿಚೀಲದ ಮಡಿಕೆಯಲ್ಲಿ ಹುದುಗಿಸಿಟ್ಟರೆ ಮೂಗು ಹಾಕಿ ಹುಡುಕಿ ಹುಡುಕಿ ತಿನ್ನುತ್ತದೆ. ಸುಮ್ಮನೆ ಓಡಿಸುವುದಕ್ಕಿಂತ ಆ ಹುಡುಕಾಟಕ್ಕೇ ಅದು ಹೆಚ್ಚು ದಣಿಯುತ್ತದೆ. ನೀವು ಇದನ್ನು ಮಾಡಿರಲಿಲ್ಲ, ಬರೆದಿಟ್ಟುಕೊಳ್ಳಿರಿ. ಮುಂಜಾನೆ ಕಾಗೆ ಬಂದರೆ ಓಡಿಸುತ್ತದೆ. ಅದನ್ನು ನೋಡಿದ ಮರಾಠಿ ಬಾಯಿಯವರಿಗೆ ಅದರ ಮೇಲೆ ಸ್ವಲ್ಪ ಪ್ರೀತಿಯೂ ಬಂದಿದೆ.

ಒಂದು ಸಂಗತಿ ಕಂಡು ನನಗೆ ಬಹಳ ಆಶ್ಚರ್ಯವಾಯಿತು. ಗಚ್ಚಿನ ಮೂಲೆಯಲ್ಲಿ ಕಲ್ಲುಗಳ ರಾಶಿ ಇದೆಯಲ್ಲ, ಅದರ ಮೇಲೆ ಹತ್ತಿ ನಿಂತು ಅವನು ಕೆಳಗೆ ನೋಡುತ್ತಾನೆ. ಕೆಳಗೆ ಪೊಲೀಸರು ಇರುತ್ತಾರೆ, ಸಡಿಲಿನ ಹೊತ್ತಿನಲ್ಲಿ ಜನ ಇರುತ್ತಾರೆ, ಬೀದಿನಾಯಿಗಳೂ ಇರುತ್ತವೆ. ಒಂದು ಸಲವೂ ಬೊಗಳಲಿಲ್ಲ. ಕಿವಿ ಮುಂದೆ ಮಾಡಿ, ಬಾಲ ಇಳಿಬಿಟ್ಟು, ಕಿಟಕಿಯಲ್ಲಿ ಕೂತ ಮುದುಕರ ಹಾಗೆ ನೋಡುತ್ತಾನೆ. ಮೆಟ್ಟಿಲಲ್ಲಿ ಎದುರಾದರೆ ಅದೇ ಜನಕ್ಕೆ ಬೆನ್ನಿನ ಕೂದಲೆಲ್ಲ ನಿಗುರಿಸಿ ಮೈಮೇಲೆ ಹೋಗುತ್ತಾನೆ. ಅವನಿಗೆ ಜನರ ಮೇಲೆ ಸಿಟ್ಟಿಲ್ಲ, ಅವರು ಹತ್ತಿರ ಬಂದರೆ ಹೆದರಿಕೆ. ದೂರ ಇಟ್ಟರೆ ಎಲ್ಲರನ್ನೂ ಇಷ್ಟಪಡುತ್ತಾನೆ. ಇದನ್ನು ಬರೆಯುವಾಗ ನನಗೇ ನಗು ಬಂತು. ನೀವು ಟಿಟ್ವಾಳದಲ್ಲಿ, ನಾನು ಇಲ್ಲಿ, ಈಗ ನಿಮ್ಮ ಮೇಲೆ ನನಗೂ ಅಷ್ಟು ಸಿಟ್ಟು ಬರುವುದಿಲ್ಲ ನೋಡಿರಿ.

ಒಂದು ದಿನ ಕೆಳಗಿನಿಂದ ಹವಾಲ್ದಾರನೊಬ್ಬ ತಲೆ ಎತ್ತಿ ನಮ್ಮಿಬ್ಬರನ್ನು ಕಂಡು, "ಮಾವಶೀ, ಕುತ್ರ್ಯಾಲಾ ಪಾಸ್ ಆಹೇ ಕಾ?" ಎಂದು ಕೂಗಿದ. ನಾಯಿಗೆ ಪಾಸು ಇದೆಯೇ ಎಂದು! ನಾನೂ ಸುಮ್ಮನಿರಲಿಲ್ಲ. ಇದರ ಯಜಮಾನರು ಟಿಟ್ವಾಳದಲ್ಲಿದ್ದಾರೆ, ಪಾಸು ಅವರ ಹತ್ತಿರ ಇದೆ, ಹೋಗಿ ಕೇಳಿ ಎಂದೆ. ಅವನು ನಕ್ಕ. ಪಾಪ, ಅವನ ಮನೆಯವರೂ ಎಲ್ಲೋ ಕಾಯುತ್ತಿರಬೇಕು.

ಇಲ್ಲಿಯವರೆಗೆ ಓದಿ ಎಲ್ಲ ಚೆನ್ನಾಗಿದೆ ಎಂದು ನೀವು ಚಹಾ ಇಡಲು ಎದ್ದಿದ್ದರೆ ಕೂಡಿರಿ.

ಗಚ್ಚಿನ ಮೇಲೆ ಇರುವುದು ಸುಲಭ, ಗಚ್ಚಿನವರೆಗೆ ಹೋಗುವುದು ಕಷ್ಟ. ನಮ್ಮ ಮೆಟ್ಟಿಲು ಒಬ್ಬರು ಇಳಿದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದಂಥದ್ದು. ನಡುವೆ ಯಾರಾದರೂ ಬಾಗಿಲು ತೆರೆದರೆ ಮುಗಿಯಿತು. ಕೂಗಿ ಹೇಳೋಣವೆಂದರೆ ನಸುಕಿನಲ್ಲಿ ಕೂಗು ಕೇಳಿದರೆ ಪೊಲೀಸರು ಬರುತ್ತಾರೆ. ಅದಕ್ಕೆ ನಾನು ದೇವರ ಗಂಟೆ ಹಿಡಿದೆ. ಪೂಜೆಯ ಗಂಟೆಗೆ ಯಾವ ಪೊಲೀಸರೂ ಏನೂ ಅನ್ನುವುದಿಲ್ಲ. ಮೆಟ್ಟಿಲಲ್ಲಿ ಗಂಟೆ ಕೇಳಿದರೆ ಅದು ನಿಲ್ಲುವವರೆಗೆ ಬಾಗಿಲು ತೆಗೆಯಬೇಡಿರಿ ಎಂದು ಗುರಮ್ಮ ಮನೆಮನೆಗೆ ಹೇಳಿ ಬಂದಳು. ಎಡಗೈಯಲ್ಲಿ ಗಂಟೆ, ಬಲಗೈಯಲ್ಲಿ ಸರಪಳಿ, ಮುಂದೆ ಗುಂಡ್ಯಾ. ಜಂಗಮರು ಭಿಕ್ಷಕ್ಕೆ ಹೊರಟ ಹಾಗೆ ಹೋಗುತ್ತಿದ್ದೆವು. ಕೆಲವು ದಿನ ಚೆನ್ನಾಗಿಯೇ ನಡೆಯಿತು.

ಹಯಗ್ರೀವರಾಯರ ತಾಯಿ ಮೊಮ್ಮಗನ ಮುಂಜಿಗೆಂದು ಉಡುಪಿಯಿಂದ ಬಂದವರು ಇಲ್ಲೇ ಸಿಕ್ಕಿಕೊಂಡಿದ್ದಾರೆ. ಎಂಬತ್ತು ದಾಟಿದ ಮುದುಕಿ, ಕಣ್ಣು ಮಂಜು. ಮನೆಯವರಿಗೆ ಹೇಳಿದ್ದನ್ನು ಅವರಿಗೆ ಯಾರೂ ಹೇಳಿರಲಿಲ್ಲ, ಆ ಹೊತ್ತಿಗೆ ಅವರು ಮಲಗಿರುತ್ತಾರೆ ಎಂದುಕೊಂಡಿದ್ದರಂತೆ. ಕಳೆದ ಗುರುವಾರ ಏಕಾದಶಿಯೋ ಏನೋ, ಬೇಗ ಎದ್ದು ಕೂತಿದ್ದಾರೆ. ಬಾಗಿಲ ಹೊರಗೆ ಗಂಟೆ ಕೇಳಿತು. ಹುಟ್ಟಿದಾಗಿನಿಂದ ಮಠದ ಓಣಿಯಲ್ಲಿ ಬೆಳೆದವರು, ಗಂಟೆ ಕೇಳಿದರೆ ಏನು ಮಾಡುತ್ತಾರೆ? ಎದ್ದು ಬಂದು ಆರತಿ ತೆಗೆದುಕೊಳ್ಳುತ್ತಾರೆ. ಚಿಲಕ ತೆಗೆದು ಹೊಸ್ತಿಲು ದಾಟಿ, ಎರಡೂ ಅಂಗೈ ಚಾಚಿಕೊಂಡು ಗುಂಡ್ಯಾನ ಮುಖದ ಮುಂದೆಯೇ ಬಂದು ನಿಂತರು.

ಆಗ ನನಗೆ ಆದ ಹೆದರಿಕೆಯನ್ನು ಬರೆಯಲು ಬರುವುದಿಲ್ಲ. ಗುಂಡ್ಯಾ ಒಂದು ಕ್ಷಣ ಕಲ್ಲಾದ. ಅವನು ಕಲ್ಲಾದರೆ ಮುಂದೆ ಏನು ಎಂದು ನಿಮಗೆ ಗೊತ್ತು. ನಾನು ಗಂಟೆ ಬಿಸಾಕಿ ಅವನಿಗೂ ಮುದುಕಿಗೂ ನಡುವೆ ನುಗ್ಗಿ, ಮೊಣಕಾಲಿನಿಂದ ಅವನನ್ನು ಗೋಡೆಗೆ ಒತ್ತಿ ಹಿಡಿದೆ. ಅವನು ಹಾರಿದ. ಬಾಯಿ ಹಾಕಿದ. ಮುದುಕಿಗೆ ತಾಗಲಿಲ್ಲ. ನನ್ನ ಬಲಗೈ ಮಣಿಕಟ್ಟಿನ ಮೇಲೆ ತಾಗಿತು.

ಕರೆಂಟು ಚೆನ್ನಾಗಿಯೇ ಇದೆ. ಅಕ್ಷರ ಸೊಟ್ಟಗಿರುವುದು ಇದಕ್ಕೇ.

ಎದ್ದು ನಿಂತಿದ್ದರೆ ಮತ್ತೆ ಕೂಡಿರಿ. ಗಾಯ ಆಳವೇನಿಲ್ಲ, ಮಾಯುತ್ತಿದೆ. ನೀವು ತಪ್ಪದೆ ವರ್ಷಾವರ್ಷ ಅವನಿಗೆ ಸೂಜಿ ಹಾಕಿಸಿದ್ದೀರಿ, ಮೊನ್ನೆ ಸಂಕ್ರಾಂತಿಗೆ ನಾನೂ ಹಾಕಿಸಿದ್ದೇನೆ. ಸಡಿಲಿನ ಹೊತ್ತಿನಲ್ಲಿ ಡಾಕ್ಟರರಿಗೂ ತೋರಿಸಿ ಬಂದೆ. ಮತ್ತೆ, ಅವನು ನನ್ನನ್ನು ಕಚ್ಚಲಿಲ್ಲ ಎಂದು ಬರೆದರೆ ನೀವು ನಗಬಹುದು. ಅವನು ಹೆದರಿಕೆಯನ್ನು ಕಚ್ಚಿದ, ನಡುವೆ ನನ್ನ ಕೈ ಇತ್ತು. ಬಾಯಿ ಬಿಟ್ಟ ಕೂಡಲೆ ಅವನಿಗೇ ಗೊತ್ತಾಯಿತು. ಆ ದಿನವೆಲ್ಲ ಕಾಟಿನ ಕೆಳಗಿಂದ ಬರಲಿಲ್ಲ, ರೊಟ್ಟಿ ಮುಟ್ಟಲಿಲ್ಲ. ನಾನು ನೆಲದ ಮೇಲೆ ಮಲಗಿ ಕೆಳಗೆ ಕೈ ಚಾಚಿ, ಬಾರೋ, ಕಚ್ಚಿಸಿಕೊಂಡವಳೇ ಕರೀತಿದ್ದೀನಿ ಬಾರೋ ಎಂದು ಕರೆದೆ. ಕೊನೆಗೆ ನಿಮ್ಮ ಹಳೆಯ ಸ್ವೆಟರು ಹಾಸಿದ ಮೇಲೆ ಬಂದ. ಆ ಸ್ವೆಟರನ್ನು ಒಗೆಯಲು ಇನ್ನೂ ಪುರಸೊತ್ತಾಗಿಲ್ಲ, ಅದಕ್ಕೆ ಹಾಗೇ ಇದೆ. ಬೇರೆ ಕಾರಣವಿಲ್ಲ.

ಮುದುಕಿಯ ಕಥೆ ಕೇಳಿರಿ. ಇಷ್ಟೆಲ್ಲ ಆಗುವಾಗ ಅವರು ಚಾಚಿದ ಕೈ ಮಡಿಸದೆ, "ಎಂತ ಗಲಾಟೆ ಮಾರಾಯ್ತಿ, ಗಂಟೆ ಮಾತ್ರ ಉಂಟು, ಆರತಿ ಎಲ್ಲಿ?" ಎಂದು ಕೇಳಿದರು. ಅಷ್ಟರಲ್ಲಿ ಹಯಗ್ರೀವರಾಯರು ಒದ್ದೆ ಪಂಚೆಯಲ್ಲಿ ಓಡಿಬಂದರು. ನಾನು ಕೈಗೆ ಸೆರಗು ಸುತ್ತಿಕೊಂಡು, ಏನೂ ಆಗಿಲ್ಲ, ಬೊಗಳಿತು ಅಷ್ಟೇ ಎಂದು ಹೇಳಿ ಅವನನ್ನು ಎಳೆದುಕೊಂಡು ಕೆಳಗೆ ನಮ್ಮ ಮನೆಗೆ ಬಂದುಬಿಟ್ಟೆ. ಯಾರ ಮೈಗಾದರೂ ಹಲ್ಲು ಹಾಕಿದರೆ ಎಂದು ಠರಾವಿನಲ್ಲಿದೆ. ನಾನೂ ಯಾರೋ ಒಬ್ಬಳೇ ಅಲ್ಲವೇ? ಎರಡು ದಿನ ಕೈ ಸೆರಗಿನಲ್ಲಿ ಮುಚ್ಚಿಕೊಂಡು ತಿರುಗಿದೆ. ಎಡಗೈಯಲ್ಲಿ ರೊಟ್ಟಿ ಬಡಿದರೆ ಅದು ಮಹಾರಾಷ್ಟ್ರದ ನಕಾಶೆಯಾಗುತ್ತದೆ ಎಂದು ಈಗ ತಿಳಿಯಿತು. ಕಸ ಚೆಲ್ಲಲು ಹೊರಗೆ ಬರುವಾಗಲೂ ಮೊದಲು ಮೆಟ್ಟಿಲ ಕಡೆ ಇಣುಕಿ ನೋಡುತ್ತಿದ್ದೆ.

ಶನಿವಾರ ಹಯಗ್ರೀವರಾಯರು ಬಂದರು. ಈ ಸಲ ಬಾಗಿಲಾಚೆ ನಿಲ್ಲಲಿಲ್ಲ. ಗುಂಡ್ಯಾನನ್ನು ಅಡಿಗೆಮನೆಯಲ್ಲಿ ಹಾಕಿ ಒಳಗೆ ಕರೆದೆ. ಬ್ಯಾಂಡೇಜಿನ ಸುರುಳಿಯೊಂದನ್ನು ಟೇಬಲ್ಲಿನ ಮೇಲೆ ಇಟ್ಟರು. ಆವತ್ತು ಮೆಟ್ಟಿಲ ಮೇಲೆ ರಕ್ತದ ಹನಿ ಇತ್ತು, ನಾನೇ ಒರೆಸಿದೆ, ಯಾರಿಗೂ ಹೇಳಲಿಲ್ಲ ಎಂದರು. ಮಡಿಯಲ್ಲಿದ್ದ ಮನುಷ್ಯ. ನಾಯಿ ಕಚ್ಚಿದ ರಕ್ತ ಒರೆಸಿ ಮತ್ತೊಮ್ಮೆ ಸ್ನಾನ ಮಾಡಿರಬೇಕು. ನಾನು ತಲೆ ತಗ್ಗಿಸಿ ಸುರುಳಿ ಎತ್ತಿಕೊಂಡೆ. ಅವರೂ ತಲೆ ತಗ್ಗಿಸಿಕೊಂಡೇ ಹೇಳಿದರು, "ನಮ್ಮಮ್ಮನ ಕೈ ಉಳಿಸಿದ್ದೀರಿ. ಆದ್ರೆ ನಾಳೆ ಯಾರದ್ದೋ ಮಗು ಬಾಗಿಲು ತೆರೀಬಹುದು. ಕರ್ಫ್ಯೂ ತೆಗೆಯುವವರೆಗೆ ನಾನು ಬಾಯಿ ಬಿಡುವುದಿಲ್ಲ. ತೆಗೆದ ಮೇಲೆ ಏನಾದ್ರೂ ವ್ಯವಸ್ಥೆ ಮಾಡ್ಲೇಬೇಕು." ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನೋಡುವವರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಹೇಳಿದ್ದು ಸರಿ. ಗಂಟೆ ಬಿಟ್ಟು ಬೇರೆ ಏನು ಹಿಡಿದರೂ ಒಂದು ದಿನ ಒಂದು ಬಾಗಿಲು ತೆರೆಯುತ್ತದೆ. ಆ ದಿನ ನನ್ನ ಕೈ ನಡುವೆ ಇರುತ್ತದೆ ಎಂದು ಹೇಗೆ ಹೇಳಲಿ?

ಅಂದಿನಿಂದ ಎಲ್ಲರೂ ಕರ್ಫ್ಯೂ ಯಾವಾಗ ಎತ್ತುತ್ತಾರೆ ಎಂದು ಕಾಯುತ್ತಿದ್ದಾರೆ, ನಾನೊಬ್ಬಳು ಇನ್ನೊಂದು ದಿನ ಇರಲಿ ಎಂದುಕೊಳ್ಳುತ್ತಿದ್ದೇನೆ. ಎಂಥ ಕೆಟ್ಟ ಆಸೆ ನೋಡಿರಿ. ಕೂಲಿ ಮಾಡಿ ತಿನ್ನುವವರ ಒಲೆ ಹೊತ್ತುತ್ತಿಲ್ಲ, ನನಗೆ ಒಂದು ನಾಯಿಯ ಚಿಂತೆ.

ಗುರಮ್ಮ ಒಂದು ದಾರಿ ಹುಡುಕಿದ್ದಾಳೆ. ಅವಳ ತಮ್ಮ ಮುಂಡಪ್ಪ ರಬಾಳೆಯಲ್ಲಿ ಒಂದು ಕಾರ್ಖಾನೆಯ ವಾಚಮನ್. ಅಲ್ಲಿಗೆ ಗೇಟಿನ ಹತ್ತಿರ ಕಟ್ಟಲು ಜೋರು ನಾಯಿ ಬೇಕಂತೆ. ಊಟ ಹಾಕುತ್ತಾರೆ, ಮಳೆಗೆ ತಗಡಿನ ಗೂಡು ಇದೆ. ದಾರಿ ತೆರೆದ ಮೇಲೆ ಶುಕ್ರವಾರ ಟೆಂಪೋ ತರುತ್ತಾನೆ. ಗುರಮ್ಮನದು ಒಳ್ಳೆಯ ಮನಸ್ಸು, ನಾನು ಬೇಡ ಎನ್ನಲಿಲ್ಲ. ಆದರೆ ಆ ಗೇಟಿನಲ್ಲಿ ಹಗಲೂ ರಾತ್ರಿ ಲಾರಿಗಳು ಓಡಾಡುತ್ತವಂತೆ. 'ಜೋರು ನಾಯಿ' ಎಂದು ಅವರು ಕೇಳಿದ್ದಾರೆ. ಇವನು ಜೋರು ಅಲ್ಲ, ಹೆದರುಪುಕ್ಕಲ. ಎರಡಕ್ಕೂ ಬೊಗಳು ಒಂದೇ, ಹೊರಗಿನವರಿಗೆ ತಿಳಿಯುವುದಿಲ್ಲ. ಲಾರಿಗಳ ನಡುವೆ ಸರಪಳಿಯಲ್ಲಿ ಕಟ್ಟಿದರೆ ಅವನು ಎಷ್ಟು ದಿನ ಬದುಕುತ್ತಾನೆ ಎಂದು ನನಗೆ ಯೋಚಿಸಲು ಆಗುವುದಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ನಾಯಿ ನಿಮ್ಮದು, ನೀವೇ ಹೇಳಬೇಕು. ರಬಾಳೆಗೆ ಕೊಡಲೋ, ನೀವು ಬಂದು ಟಿಟ್ವಾಳಕ್ಕೆ ಕರೆದುಕೊಂಡು ಹೋಗುತ್ತೀರೋ? ಶುಕ್ರವಾರದ ಒಳಗೆ ಉತ್ತರ ಬರಬೇಕು. ಲೋಕಲ್ ರೈಲಿನ ಆ ನೂಕುನುಗ್ಗಲಿನಲ್ಲಿ ಅವನನ್ನು ಹೇಗೆ ಒಯ್ಯುತ್ತೀರಿ ಎಂಬುದು ನನಗೆ ಹೊಳೆಯುವುದಿಲ್ಲ, ಹಿಂದೊಮ್ಮೆ ನೋಡಿದ್ದೀರಿ. ಟೆಂಪೋ ಸಿಕ್ಕುವುದೋ ವಿಚಾರಿಸಿರಿ. ಇದು ನಾಯಿಯ ಮಾತು, ನನ್ನ ಮಾತಲ್ಲ. ನಾನು ಬರುವುದಿಲ್ಲ ಎಂದಿದ್ದೇನೆ. ಹಾಗೆ ಎಂದವಳಿಗೆ ತಿರುಗಿ ಹೇಳಲು ಯಾರೂ ಇದುವರೆಗೆ ಬಂದೂ ಇಲ್ಲ, ಬಾ ಎಂದು ಕರೆದೂ ಇಲ್ಲ.

ಕೆಳಗಿನ ಮನೆಯ ವಸಂತಕುಮಾರರಿಗೆ ಟೆಲಿಫೋನ್ ಆಫೀಸಿನ ಪಾಸು ಇದೆ. ನಾಳೆ ಕಲ್ಯಾಣಕ್ಕೆ ಡ್ಯೂಟಿಗೆ ಹೋಗುತ್ತಾರೆ, ಅಲ್ಲಿಂದ ನಿಮಗೆ ಮುಟ್ಟಿಸುತ್ತೇನೆ ಎಂದಿದ್ದಾರೆ. ಊಟ ಹೊತ್ತಿಗೆ ಸರಿಯಾಗಿ ಮಾಡಿರಿ. ಬರೀ ಚುರುಮುರಿ ತಿಂದು ಮಲಗುತ್ತೀರಿ ಎಂದು ಬಾಳಪ್ಪ ಬರೆದಿದ್ದ. ಗುಂಡ್ಯಾ ನಿಮ್ಮನ್ನು ನೆನೆಸುವುದಿಲ್ಲ, ಚೆನ್ನಾಗಿದ್ದಾನೆ.

ಇಂತು,
ನೀಲಗಂಗಾ

ತಾ. ಕ.: ಬುಧವಾರ. ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಪತ್ರವನ್ನು ವಸಂತಕುಮಾರರ ಕೈಗೆ ಕೊಡಲಿಲ್ಲ. ಇವತ್ತು ಬೆಳಿಗ್ಗೆ ನಮ್ಮ ಕಡೆ ಕರ್ಫ್ಯೂ ಎತ್ತಿದರು. ಹಾಲಿಗೆ ಹೋದ ಗುರಮ್ಮ ಬಂದು, ಲೋಕಲ್ ಓಡಾಕತ್ಯಾವ ನೀಲವ್ವಕ್ಕಾ, ಆದರ ಒಳಗ ಜನನ ಇಲ್ಲ, ಎಲ್ಲಾರೂ ಇನ್ನೂ ಅಂಜ್ಯಾರ ಎಂದಳು. ಖಾಲಿ ಲೋಕಲ್! ಮದುವೆಯಾಗಿ ಠಾಣೆಗೆ ಬಂದಾಗಿನಿಂದ ನಾನು ಕಂಡಿಲ್ಲ. ನಾಳೆ ಜನಕ್ಕೆ ಧೈರ್ಯ ಬರುತ್ತದೆ, ನಾಳೆ ಇದು ಸಿಕ್ಕುವುದಿಲ್ಲ. ಒಲೆ ಆರಿಸಿದೆ, ಕೊರಳಪಟ್ಟಿ ಬಿಗಿ ಮಾಡಿದೆ, ಹೊರಟೆ. ಲಗೇಜಿನ ಡಬ್ಬದಲ್ಲಿ ನಾವಿಬ್ಬರೇ ಇದ್ದೆವು. ಪಾರಸಿಕ್ ಸುರಂಗದಲ್ಲಿ ಅವನು ನನ್ನ ಸೆರಗಿನೊಳಗೆ ತಲೆ ಹುದುಗಿಸಿದ. ನನಗೂ ಹೆದರಿಕೆಯಾಯಿತು, ನಾನೂ ಅವನನ್ನು ಹಿಡಿದುಕೊಂಡೆ. ಡೊಂಬಿವಲಿ, ಕಲ್ಯಾಣ ಎರಡರಲ್ಲೂ ನಮ್ಮ ಡಬ್ಬಕ್ಕೆ ಯಾರೂ ಹತ್ತಲಿಲ್ಲ. ಈಗ ನಿಮ್ಮ ಬಿಲ್ಡಿಂಗಿನ ಎದುರಿನ ಬಯಲಲ್ಲಿ ನಿಂತಿದ್ದೇವೆ. ಮೆಟ್ಟಿಲಲ್ಲಿ ಯಾರಾದರೂ ಎದುರಾದಾರು ಎಂದು ಮೇಲೆ ಬಂದಿಲ್ಲ. ನಿಮ್ಮ ಕೆಳಮನೆಯ ಬಾಯಿಯವರನ್ನು ದೂರದಿಂದಲೇ ಕೂಗಿ, ಪತ್ರವನ್ನು ಕಲ್ಲಿನ ಕೆಳಗಿಟ್ಟು ಹಿಂದೆ ಸರಿಯುತ್ತೇನೆ. ಅವರು ತಂದುಕೊಡುತ್ತಾರೆ. ಓದಿ ಆದ ಮೇಲೆ ಕೆಳಗೆ ಬರ್ರಿ. ಓಡಿ ಬರಬ್ಯಾಡ್ರಿ, ಅವ ಅಂಜತಾನ. ನೇರ ಬರಬ್ಯಾಡ್ರಿ, ಬಳಸಿಕೊಂಡು ಬರ್ರಿ. ಬಂದ ಕೂಡಲೇ ಅವನನ್ನ ಮಾತಾಡಿಸಬ್ಯಾಡ್ರಿ. ಮೊದಲು ನನ್ನ ಮಾತಾಡಿಸ್ರಿ.